ಮಂಜಾದ ಗಾಜು, ಬೆಳ್ಳಗಾದ ಚಕ್ರ: ಸ್ಪಿಟ್‌ಫೈರ್ ಮಾದರಿಯನ್ನು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನಾನು ಗಂಗಾವತಿಯವಳು, ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಬೇಸಿಗೆ ರಜೆಯಲ್ಲಿ ಒಂಬತ್ತನೇ ತರಗತಿಯ ಮಗನ ಜೊತೆ ಕೂತು ಸ್ಪಿಟ್‌ಫೈರ್ ಮಾರ್ಕ್ 1 ಯುದ್ಧವಿಮಾನದ 1:72 ಅಳತೆಯ ಪ್ಲಾಸ್ಟಿಕ್ ಕಿಟ್ ಜೋಡಿಸಿದೆವು. ಎರಡನೇ ಮಹಾಯುದ್ಧದ ಬರ್ಮಾ ರಂಗದಲ್ಲಿ ನಮ್ಮ ವಾಯುಪಡೆ ಹಾರಿಸಿದ ವಿಮಾನವೇ ಆಗಬೇಕು ಅಂತ ಮಗನ ಆಸೆ. ಹಾಗಾಗಿ ಹಳೆಯ ಮಿಗ್-21 ಕಿಟ್‌ನಲ್ಲಿ ಉಳಿದಿದ್ದ ಕೇಸರಿ-ಬಿಳಿ-ಹಸಿರು ಚಕ್ರದ ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರ) ಅಂಟಿಸಿದೆವು. ಈಗ ಚಕ್ರಗಳ ಅಡಿಯಲ್ಲಿ ಬೆಳ್ಳಿಯಂತೆ ಹೊಳೆಯುವ ಮಚ್ಚೆ ಎದ್ದಿದೆ. ಕಾಕ್‌ಪಿಟ್ ಗಾಜನ್ನು ಸೂಪರ್ ಗ್ಲೂ ಹಾಕಿ ಕೂರಿಸಿದ್ದೆವು, ಮರುದಿನ ನೋಡಿದರೆ ಬೆಳ್ಳಗೆ ಮಂಜು ಹಿಡಿದಿತ್ತು. ಬೆನ್ನಿನ ಮೇಲಿನ ಸಂದಿಗೆ ಎಂ-ಸೀಲ್ ತುಂಬಿದ್ದು ಗಂಟು ಗಂಟಾಗಿ ಕಾಣುತ್ತಿದೆ. ಸ್ಪ್ರೇ ಕ್ಯಾನ್ ತಂದು ಮಧ್ಯಾಹ್ನ ಮಾಳಿಗೆ ಮೇಲೆ ಬಣ್ಣ ಹೊಡೆದೆವು, ಮುಟ್ಟಿದರೆ ಸಣ್ಣ ಮರಳಿನ ಹಾಗೆ ತರಿ ತರಿ. ಗೆರೆಗಳಿಗೆ ಕಪ್ಪು ಜೆಲ್ ಪೆನ್ ಹಾಕಿದ್ದಾನೆ, ಇನ್ನು ಸೂಜಿಯಿಂದ ರಿವೆಟ್ (ಲೋಹದ ಹಾಳೆಗಳನ್ನು ಜೋಡಿಸುವ ಮೊಳೆ) ಗುರುತು ಕೊರೆಯುತ್ತೇನೆ ಅಂತಾನೆ. ಈ ಹವ್ಯಾಸವಿರುವ ಪರಿಚಿತರೊಬ್ಬರು “ನಮ್ಮ ಕಡೆಯ ಬಿಸಿಲಿಗೆ ಪ್ಲಾಸ್ಟಿಕ್ ತಾಳೋದಿಲ್ಲ, ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಇಲ್ಲದೆ ಇದಕ್ಕೆ ಕೈ ಹಾಕಲೇಬಾರದಿತ್ತು” ಅಂದರು. ಇದನ್ನು ಬಿಸಾಡಿ ಹೊಸದು ತರುವುದೇ ಒಳ್ಳೆಯದೇ?

ಉತ್ತರ: ಬಿಸಾಡಬೇಡಿ ಮೇಡಂ. ನೀವು ಬರೆದಿರುವ ತೊಂದರೆಗಳಲ್ಲಿ ಸರಿಪಡಿಸಲಾಗದ್ದು ಒಂದೂ ಇಲ್ಲ. ತಾಯಿ-ಮಗನ ಕೈಯಲ್ಲೂ ದೋಷವಿಲ್ಲ. ಬಳ್ಳಾರಿಯಲ್ಲಿ ಕೂತು ಶಾಲೆಗಳಿಗೆ, ಕಾರ್ಖಾನೆಗಳಿಗೆ, ವಸ್ತುಪ್ರದರ್ಶನಗಳಿಗೆ ಅಳತೆಯ ಮಾದರಿ ಮಾಡಿಕೊಡುವುದೇ ನನ್ನ ಕಸುಬು. ದುರಸ್ತಿಗೆ ಬರುವ ವಿಮಾನಗಳಲ್ಲಿ ಹೆಚ್ಚಿನವು ಇದೇ ಗಾಜು, ಇದೇ ಡೆಕಾಲ್, ಇದೇ ಬೆನ್ನಿನ ಗೆರೆ ಹೊತ್ತು ಬರುತ್ತವೆ. ನಿಮ್ಮದರಲ್ಲಿ ಬೇರೆ ಬೇರೆ ಎಂದು ಕಾಣುವ ಎರಡು ತೊಂದರೆಗಳ ಬೇರು ಒಂದೇ. ಅದನ್ನು ಹೇಳುವ ಮೊದಲು, ಬಣ್ಣಕ್ಕಿಂತ ಮುಂಚೆ ತೀರ್ಮಾನವಾಗಬೇಕಾದ ಮಾತೊಂದಿದೆ. ನೀವು ಮಾಡುತ್ತಿರುವುದು ಯಾವ ವಿಮಾನ?

ಮಗನ ಆಸೆ ತುಂಬಾ ಒಳ್ಳೆಯದು. ಆದರೆ ಮಾರ್ಕ್ 1 ಕಿಟ್ ಆ ಆಸೆಗೆ ಹೊಂದುವುದಿಲ್ಲ. ಬರ್ಮಾ ರಂಗದಲ್ಲಿ ನಮ್ಮ ವಾಯುಪಡೆಯ 8ನೇ ಸ್ಕ್ವಾಡ್ರನ್ ಹಾರಿಸಿದ್ದು ಸ್ಪಿಟ್‌ಫೈರ್ ಮಾರ್ಕ್ 8. ಮೊದಲು ವೆಂಜೆನ್ಸ್ ಎಂಬ ಡೈವ್ ಬಾಂಬರ್ ಹಾರಿಸುತ್ತಿದ್ದ ಈ ಸ್ಕ್ವಾಡ್ರನ್ 1944ರಲ್ಲಿ ಸ್ಪಿಟ್‌ಫೈರ್‌ಗೆ ಬದಲಾಯಿತು. ಮಾರ್ಕ್ 1ಕ್ಕೂ ಮಾರ್ಕ್ 8ಕ್ಕೂ ಇರುವ ವ್ಯತ್ಯಾಸ ಬರೀ ಬಣ್ಣದ್ದಲ್ಲ. ನಿಮ್ಮ ಮಾದರಿಯನ್ನು ಮಗುಚಿ ಹಿಡಿದು ನೋಡಿ. ಬಲರೆಕ್ಕೆಯ ಅಡಿ ಪೆಟ್ಟಿಗೆಯಂಥ ರೇಡಿಯೇಟರ್ ಇದೆ, ಎಡರೆಕ್ಕೆಯ ಅಡಿ ಸಣ್ಣ ಆಯಿಲ್ ಕೂಲರ್ ಮಾತ್ರ ಇದೆ. ಮಾರ್ಕ್ 8ರಲ್ಲಿ ಮರ್ಲಿನ್ ಎಂಜಿನ್‌ನ ಹೊಸ ಮಾದರಿ ಬಂತು, ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಅದರ ಸೂಪರ್‌ಚಾರ್ಜರ್‌ಗೆ ಹೆಚ್ಚು ತಂಪು ಬೇಕಾಗಿ ಎರಡೂ ರೆಕ್ಕೆಯ ಅಡಿ ದೊಡ್ಡ ರೇಡಿಯೇಟರ್ ಕೂತವು. ಪ್ರೊಪೆಲರ್‌ಗೆ ಮೂರರ ಬದಲು ನಾಲ್ಕು ಅಲಗು. ಹಿಂದಿನ ಪುಟ್ಟ ಗಾಲಿ ಒಳಗೆ ಮಡಚಿಕೊಳ್ಳುತ್ತದೆ. ಮೂಗೂ ಉದ್ದ. ಇವನ್ನೆಲ್ಲ ಕೆತ್ತಿ ಮಾಡುವುದಕ್ಕಿಂತ ಮಾರ್ಕ್ 8 ಕಿಟ್ ತರುವುದೇ ಸುಲಭ.

ಕೇಸರಿ-ಬಿಳಿ-ಹಸಿರು ಚಕ್ರವೂ ಆ ಕಾಲದ್ದಲ್ಲ. ಅದು 1950ರಲ್ಲಿ ಗಣರಾಜ್ಯವಾದ ಮೇಲೆ ಬಂದದ್ದು. ಬರ್ಮಾ ರಂಗದಲ್ಲಿ ಬ್ರಿಟಿಷರ ಮತ್ತು ನಮ್ಮ ವಿಮಾನಗಳ ಮೇಲಿದ್ದದ್ದು ಎರಡು ನೀಲಿಯ ಚಕ್ರ: ಹೊರಗೆ ಕಡುನೀಲಿ, ನಡುವೆ ತಿಳಿನೀಲಿ. ನಡುವಿನ ಕೆಂಪನ್ನು ತೆಗೆದದ್ದಕ್ಕೆ ಕಾರಣವಿದೆ. ಜಪಾನಿ ವಿಮಾನದ ಗುರುತು ಕೆಂಪು ಸೂರ್ಯ. ಕಾಡಿನ ಮೇಲಿನ ಜಗಳದಲ್ಲಿ ಕಣ್ಣಂಚಿಗೆ ಕೆಂಪು ಬೊಟ್ಟು ಕಂಡರೆ ನಮ್ಮವರೇ ನಮ್ಮವರ ಮೇಲೆ ಗುಂಡು ಹಾರಿಸುವ ಅಪಾಯವಿತ್ತು. ಈ ಕಥೆ ಮಗನಿಗೆ ಹೇಳಿ, ಚಕ್ರ ಕೀಳುವ ಬೇಜಾರು ಕಡಿಮೆಯಾದೀತು.

ಹಾಗಾದರೆ ಈಗಿರುವ ಮಾದರಿಯನ್ನು ಏನು ಮಾಡುವುದು? ನನ್ನ ಸಲಹೆ, ಇದನ್ನು 1940ರ ಬ್ರಿಟನ್ ಕದನದ ವಿಮಾನವಾಗಿಯೇ ಮುಗಿಸಿ. ಮೇಲ್ಗಡೆ ಡಾರ್ಕ್ ಅರ್ಥ್ ಎಂಬ ಮಣ್ಣುಕಂದು, ಡಾರ್ಕ್ ಗ್ರೀನ್ ಎಂಬ ಕಡುಹಸಿರು. ಕೆಳಗಡೆ ಸ್ಕೈ ಎಂಬ ಹಸಿರು ಬೆರೆತ ತಿಳಿ ಬಣ್ಣ. ಸ್ಕೈ ಬಂದದ್ದು 1940ರ ಜೂನ್‌ನಲ್ಲಿ. ಅದಕ್ಕೂ ಮುಂಚೆ ಕೆಳಭಾಗದಲ್ಲಿ ಎಡರೆಕ್ಕೆ ಕಪ್ಪು, ಬಲರೆಕ್ಕೆ ಬಿಳಿ ಇರುತ್ತಿತ್ತು. ಅದನ್ನು ಮಾಡಿದರೆ ಶೆಲ್ಫಿನಲ್ಲಿ ಬೇರೆಯದೇ ಕಳೆ. ಕಿಟ್ ಜೊತೆ ಬಂದ ಡೆಕಾಲ್ ಹಾಳೆ ನಿಮ್ಮ ಹತ್ತಿರ ಇನ್ನೂ ಇರಬೇಕಲ್ಲ, ಅದೇ ಸಾಕು.

ಈಗ ಬಿಸಿಲಿನ ಮಾತು. ನಿಮ್ಮ ಪರಿಚಿತರು ಹೇಳಿದ್ದರಲ್ಲಿ ಅರ್ಧ ಸತ್ಯವಿದೆ, ಆದರೆ ತಪ್ಪು ವಸ್ತುವಿನ ಮೇಲೆ ಹೊರಿಸಿದ್ದಾರೆ. ಕಿಟ್‌ನ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಅದು ಮೆತ್ತಗಾಗುವುದು ಸುಮಾರು 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಹತ್ತಿರ. ನೀವು ಭೌತಶಾಸ್ತ್ರದವರು, ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಮೇ ತಿಂಗಳ 42 ಡಿಗ್ರಿಗೆ ರೆಕ್ಕೆ ಬಾಗುವುದಿಲ್ಲ. ಕಿಟಕಿ ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟರೆ ಮಾತ್ರ ತೆಳು ಭಾಗಗಳು ಸೊಟ್ಟಗಾಗಬಹುದು. ಬಿಸಿಲು ನಿಜವಾಗಿ ಕೆಡಿಸುವುದು ಬಣ್ಣವನ್ನು. ಮಧ್ಯಾಹ್ನದ ಮಾಳಿಗೆ ಮೇಲೆ ಸ್ಪ್ರೇ ಹೊಡೆದಾಗ ಕ್ಯಾನ್‌ನಿಂದ ಹೊರಟ ಹನಿ ಪ್ಲಾಸ್ಟಿಕ್ ಮುಟ್ಟುವ ಮೊದಲೇ ಗಾಳಿಯಲ್ಲಿ ಅರ್ಧ ಒಣಗುತ್ತದೆ. ಒದ್ದೆಯಾಗಿ ಬಿದ್ದಿದ್ದರೆ ಹರಡಿ ಸಮನಾಗುತ್ತಿತ್ತು, ಈಗ ಪುಡಿಯಾಗಿ ಕೂರುತ್ತದೆ. ನಿಮ್ಮ ಕೈಗೆ ಸಿಕ್ಕ ಮರಳಿನ ತರಿ ಅದೇ.

ಡೆಕಾಲ್ ಬೆಳ್ಳಗಾದದ್ದೂ ಆ ತರಿಯಿಂದಲೇ. ಡೆಕಾಲ್ ಅಂದರೆ ತೆಳು ಪೊರೆ. ತರಿ ಇರುವ ಮೇಲ್ಮೈ ಮೇಲೆ ಅದನ್ನು ಹಾಸಿದರೆ ಪೊರೆ ಗುಡ್ಡಗಳ ತಲೆ ಮೇಲೆ ನಿಲ್ಲುತ್ತದೆ, ತಗ್ಗುಗಳಲ್ಲಿ ಗಾಳಿ ಉಳಿಯುತ್ತದೆ. ಸಿಕ್ಕಿಬಿದ್ದ ಆ ಗಾಳಿ ಬೆಳಕನ್ನು ಚದುರಿಸುವುದೇ ಬೆಳ್ಳಿ ಮಚ್ಚೆ. ಎಷ್ಟೇ ಒಳ್ಳೆಯ ಡೆಕಾಲ್ ತಂದರೂ ಮಂದ ಬಣ್ಣದ ಮೇಲೆ ನೇರವಾಗಿ ಅಂಟಿಸಿದರೆ ಇದೇ ಕಥೆ. ನಿಮ್ಮ ಪಕ್ಕದ ಕಿನ್ನಾಳದ ಚಿತ್ರಗಾರರನ್ನೇ ನೋಡಿ. ಮರದ ಗೊಂಬೆ ಕೆತ್ತಿದ ಕೂಡಲೇ ಬಣ್ಣ ಹಚ್ಚುವುದಿಲ್ಲ. ಹುಣಸೆಬೀಜದ ಸರಿಯಿಂದ ಸಂದು ಮುಚ್ಚಿ, ಬಿಳಿ ಪದರ ಬಳಿದು, ಮೈ ನುಣುಪಾದ ಮೇಲೇ ಬಣ್ಣಕ್ಕೆ ಕೈ ಹಾಕುತ್ತಾರೆ. ಪ್ಲಾಸ್ಟಿಕ್ ವಿಮಾನಕ್ಕೂ ಈ ಕ್ರಮವೇ ಬೇಕು. ಬಿಡುವು ಸಿಕ್ಕಾಗ ಮಗನನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ. ಮೇಲ್ಮೈ ಅಂದರೆ ಏನು ಎನ್ನುವುದನ್ನು ಅಷ್ಟು ಚೆನ್ನಾಗಿ ಕಲಿಸುವ ಬೇರೆ ಜಾಗ ನಮ್ಮ ಸೀಮೆಯಲ್ಲಿ ನನಗೆ ಗೊತ್ತಿಲ್ಲ.

ಹಾಗಾದರೆ ಬಣ್ಣವನ್ನು ಪೂರ್ತಿ ಕಿತ್ತು ಹಾಕುವುದೇ? ಕೆಲವರು ಬ್ರೇಕ್ ಆಯಿಲ್‌ನಲ್ಲಿ ನೆನೆಹಾಕಿ ಅನ್ನುತ್ತಾರೆ. ಬಣ್ಣ ಬಿಡುತ್ತದೆ ನಿಜ, ಆದರೆ ಕೈಗೆ, ಕಣ್ಣಿಗೆ ಒಳ್ಳೆಯದಲ್ಲ, ಬಹಳ ಹೊತ್ತು ಬಿಟ್ಟರೆ ತೆಳು ಭಾಗಗಳು ಪೆಡಸಾಗಿ ಮುರಿಯುವ ಭಯವೂ ಉಂಟು. ಮಗುವಿನ ಕೈಗೆ ಕೊಡುವ ಕೆಲಸವಂತೂ ಅಲ್ಲ. ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್, ಉಗುರು ಬಣ್ಣ ತೆಗೆಯುವ ಅಸಿಟೋನ್ ಹತ್ತಿರವೂ ತರಬೇಡಿ. ಬಣ್ಣದ ಜೊತೆ ವಿಮಾನವನ್ನೂ ಕರಗಿಸುತ್ತವೆ. ಐಸೊಪ್ರೊಪೈಲ್ ಆಲ್ಕೊಹಾಲ್ ಸುರಕ್ಷಿತ, ಆದರೆ ಸ್ಪ್ರೇ ಕ್ಯಾನ್‌ನ ಗಟ್ಟಿ ಬಣ್ಣಕ್ಕೆ ಅದು ಜಗ್ಗುವುದು ಕಡಿಮೆ. ನಿಮ್ಮ ಸ್ಥಿತಿಯಲ್ಲಿ ಬಣ್ಣ ಕೀಳುವ ಅಗತ್ಯವೇ ಇಲ್ಲ. 1500 ಅಥವಾ 2000 ನಂಬರಿನ ವಾಟರ್ ಪೇಪರ್ ತನ್ನಿ, ನೀರಿನಲ್ಲಿ ಅದ್ದಿ, ಬೆರಳ ತುದಿಯಿಂದ ಹಗುರವಾಗಿ ತಿಕ್ಕಿ ತರಿ ಇಳಿಸಿ. ಅಂಚುಗಳಲ್ಲಿ ಕೈ ಭಾರ ಹಾಕಿದರೆ ಪ್ಲಾಸ್ಟಿಕ್ ಕಾಣಿಸೀತು. ಕಂಡರೂ ಚಿಂತೆಯಿಲ್ಲ, ಮೇಲೆ ಹೇಗೂ ಹೊಸ ಬಣ್ಣ ಬರುತ್ತದೆ.

ಅದಕ್ಕೂ ಮುಂಚೆ ತಪ್ಪು ಚಕ್ರಗಳನ್ನು ಎಬ್ಬಿಸಬೇಕು. ಸೆಲ್ಲೋಟೇಪ್ ಒತ್ತಿ ಎಳೆದರೆ ಸಾಕು. ಒಳಗೆ ಗಾಳಿ ಇರುವುದರಿಂದ ಹಿಡಿತ ಮೊದಲೇ ಸಡಿಲ, ಸಲೀಸಾಗಿ ಬರುತ್ತವೆ. ಚಕ್ರ ಸರಿಯಾದದ್ದೇ ಆಗಿದ್ದು ಬೆಳ್ಳಿ ಮಚ್ಚೆ ಮಾತ್ರ ತೊಂದರೆಯಾಗಿದ್ದರೆ ಬೇರೆ ದಾರಿ ಇತ್ತು, ಮುಂದೆ ಬೇಕಾಗಬಹುದು ಅಂತ ಹೇಳಿಡುತ್ತೇನೆ. ಸಣ್ಣ ಸೂಜಿಯಿಂದ ಮಚ್ಚೆಯ ಮೇಲೆ ಅಲ್ಲಲ್ಲಿ ಚುಚ್ಚಿ, ಡೆಕಾಲ್ ಮೆತ್ತಗೆ ಮಾಡುವ ದ್ರಾವಣವನ್ನು ಬ್ರಷ್ ತುದಿಯಿಂದ ಮುಟ್ಟಿಸಬೇಕು. ಕೆಲವೇ ನಿಮಿಷಕ್ಕೆ ಡೆಕಾಲ್ ಮುದುಡಿ ಸುಕ್ಕಾಗುತ್ತದೆ, ನೋಡಿದವರಿಗೆ ಎದೆ ಧಸಕ್ಕೆನ್ನುತ್ತದೆ. ಆಗ ಬೆರಳು ಹಚ್ಚಬಾರದು. ಒಣಗುತ್ತಾ ತಾನಾಗಿ ಇಳಿದು, ಗೆರೆಗಳೊಳಗೂ ಕೂತು, ಬಣ್ಣ ಬಳಿದಂತೆಯೇ ಕಾಣುತ್ತದೆ.

ಗಾಜಿನದ್ದು ಬೇರೆ ರಸಾಯನ. ಸೂಪರ್ ಗ್ಲೂ ಗಟ್ಟಿಯಾಗುವಾಗ ಅದರ ಆವಿ ಏಳುತ್ತದೆ. ಮುಚ್ಚಿದ ಕಾಕ್‌ಪಿಟ್‌ನಲ್ಲಿ ಅದಕ್ಕೆ ಹೊರಹೋಗಲು ದಾರಿಯಿಲ್ಲ. ಗಾಜಿನ ಮೇಲಿನ ತೇವ, ಬೆರಳಿನ ಜಿಡ್ಡಿನ ಗುರುತಿನ ಮೇಲೆ ಕೂತು ಅಲ್ಲೇ ಬಿಳಿ ಪೊರೆಯಾಗಿ ಗಟ್ಟಿಯಾಗುತ್ತದೆ. ಮಂಜು ಹೊರಗಿದ್ದರೆ ಸುಲಭ: ಬಿಳಿ ಟೂತ್‌ಪೇಸ್ಟ್ ಹತ್ತಿಗೆ ಹಚ್ಚಿ ನಿಧಾನಕ್ಕೆ ಉಜ್ಜಿ, ತೊಳೆದು, ನೀರಿನ ಮೂಲದ ಹೊಳಪಿನ (ಗ್ಲಾಸಿ) ವಾರ್ನಿಶ್ ಒಂದು ಕೋಟ್ ಕೊಡಿ, ತಿಳಿಯಾಗುತ್ತದೆ. ನಿಮ್ಮದರಲ್ಲಿ ಒಳಗೇ ಇರುವ ಸಾಧ್ಯತೆ ಹೆಚ್ಚು. ಹಾಗಿದ್ದರೆ ಗಾಜು ಬಿಡಿಸಬೇಕು. ಚಳಿಗೆ ಸೂಪರ್ ಗ್ಲೂ ಪೆಡಸಾಗುತ್ತದೆ, ಆದ್ದರಿಂದ ಮಾದರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದೆರಡು ಗಂಟೆ ಫ್ರೀಜರ್‌ನಲ್ಲಿಡಿ. ಹೊರತೆಗೆದ ಕೂಡಲೇ ಬ್ಲೇಡಿನ ತುದಿಯನ್ನು ಹಿಂದಿನ ಮೂಲೆಯಿಂದ ತೂರಿಸಿ ಸ್ವಲ್ಪ ತಿರುವಿದರೆ ಟಪ್ಪನೆ ಬಿಡುತ್ತದೆ. ಗಾಜು ಸೀಳುವ ಅಪಾಯ ಇದ್ದೇ ಇದೆ, ಮುಚ್ಚಿಡುವುದಿಲ್ಲ. ಬ್ಲೇಡ್ ಕೆಲಸ ನೀವೇ ಮಾಡಿ. ಸೀಳಿದರೆ ಬಿಡಿಯಾಗಿ ಕಾಕ್‌ಪಿಟ್ ಗಾಜು ಮಾರುವವರಿದ್ದಾರೆ. ಮತ್ತೆ ಕೂರಿಸುವಾಗ ಸಾದಾ ಫೆವಿಕಾಲ್ ಸಾಕು. ಆವಿ ಬಿಡುವುದಿಲ್ಲ, ಒಣಗಿದರೆ ಪಾರದರ್ಶಕ, ಉಕ್ಕಿದ್ದನ್ನು ಒದ್ದೆ ಹತ್ತಿಯಿಂದ ಒರೆಸಬಹುದು. ಗಾಜಿಗೆ ಭಾರ ಹೊರುವ ಕೆಲಸವಿಲ್ಲ, ಗಟ್ಟಿ ಅಂಟು ಯಾಕೆ ಬೇಕು?

ಗಾಜು ತೆರೆದಿದ್ದಾಗ ಒಳಗಿನ ಸೀಟಿಗೆ ಬೆಲ್ಟ್ ಹಾಕಿಬಿಡಿ. 1:72ರಲ್ಲಿ ವಿಮಾನಕ್ಕೆ ಜೀವ ಕೊಡುವ ಒಂದು ವಿವರ ಕೇಳಿದರೆ ನಾನು ಹೇಳುವುದು ಇದನ್ನೇ. ಮಾಸ್ಕಿಂಗ್ ಟೇಪನ್ನು ಅರ್ಧ ಮಿಲಿಮೀಟರ್ ಅಗಲಕ್ಕೆ ಸೀಳಿ, ಹೆಗಲ ಮೇಲಿಂದ ಎರಡು, ಸೊಂಟಕ್ಕೆ ಎರಡು ಪಟ್ಟಿ ಅಂಟಿಸಿ, ಮಾಸಿದ ಬಿಳಿ ಬಣ್ಣ ಬಳಿದು, ಬಕಲ್ ಜಾಗಕ್ಕೆ ಬೆಳ್ಳಿ ಬಣ್ಣದ ಚುಕ್ಕೆ ಇಟ್ಟರೆ ಮುಗಿಯಿತು.

ಬೆನ್ನಿನ ಗಂಟಿನ ವಿಷಯ. ಎಂ-ಸೀಲ್ ಕೆಟ್ಟ ವಸ್ತುವಲ್ಲ, ಆದರೆ ಗಟ್ಟಿಯಾದ ಮೇಲೆ ಅದು ಪ್ಲಾಸ್ಟಿಕ್‌ಗಿಂತ ಗಟ್ಟಿ. ತಿಕ್ಕಿದರೆ ಅದು ಹಾಗೇ ಉಳಿದು ಅಕ್ಕಪಕ್ಕದ ಪ್ಲಾಸ್ಟಿಕ್ ಸವೆಯುತ್ತದೆ, ಅದಕ್ಕೇ ಗಂಟು ಎದ್ದು ಕಾಣುವುದು. ಎರಡೂ ಬದಿಗೆ ಟೇಪ್ ಅಂಟಿಸಿ, ಸಣ್ಣ ಮರದ ತುಂಡಿಗೆ 400 ನಂಬರ್ ಪೇಪರ್ ಸುತ್ತಿ ಗಂಟನ್ನಷ್ಟೇ ಇಳಿಸಿ, ಆಮೇಲೆ ಟೇಪ್ ತೆಗೆದು 800, 1200 ಹಾಕಿ. ಮೇಲೊಂದು ತೆಳು ಬೆಳ್ಳಿ ಬಣ್ಣ ಬಳಿದು ನೋಡಿ. ಕಣ್ಣಿಗೆ ತಪ್ಪಿದ ತಗ್ಗು-ದಿಬ್ಬವನ್ನೆಲ್ಲ ಬೆಳ್ಳಿ ತೋರಿಸಿಕೊಡುತ್ತದೆ. ಮುಂದಿನ ಕಿಟ್‌ಗೆ ಪ್ಲಾಸ್ಟಿಕ್ ಸಿಮೆಂಟ್ ತರಿಸಿ. ಸೂಪರ್ ಗ್ಲೂ ನಡುವೆ ನಿಂತು ಹಿಡಿಯುತ್ತದೆ. ಸಿಮೆಂಟ್ ಎರಡೂ ಅಂಚನ್ನು ಕರಗಿಸಿ ಬೆಸೆಯುತ್ತದೆ. ಒತ್ತಿ ಹಿಡಿದಾಗ ಕರಗಿದ ಪ್ಲಾಸ್ಟಿಕ್ ಸಣ್ಣ ಏರಿಯಾಗಿ ಉಕ್ಕುತ್ತದೆ. ಒಂದೆರಡು ದಿನ ಬಿಟ್ಟು ಅದನ್ನು ಕೆರೆದರೆ ಸಂದಿಯೇ ಉಳಿಯುವುದಿಲ್ಲ, ತುಂಬುವ ಪ್ರಶ್ನೆಯೂ ಏಳುವುದಿಲ್ಲ.

ಏರ್‌ಬ್ರಷ್ ಬೇಕೇ ಬೇಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಏರ್‌ಬ್ರಷ್ ಒಳ್ಳೆಯ ಸಲಕರಣೆ, ನಾನೂ ದಿನಾ ಬಳಸುತ್ತೇನೆ. ಆದರೆ ಕಂಪ್ರೆಸರ್ ಸೇರಿ ಸಾವಿರಗಟ್ಟಲೆ ಖರ್ಚು, ತೊಳೆಯುವ ಕೆಲಸವೇ ಅರ್ಧ, ಮೇ ತಿಂಗಳಲ್ಲಿ ಅದರ ಮೂತಿಯಲ್ಲೂ ಬಣ್ಣ ಒಣಗಿ ಕಟ್ಟಿಕೊಳ್ಳುತ್ತದೆ. ಸ್ಪಿಟ್‌ಫೈರ್‌ನ ಕಂದು-ಹಸಿರು ಪಟ್ಟೆಗಳ ಅಂಚು ಈ ಅಳತೆಯಲ್ಲಿ ಚೊಕ್ಕವಾಗಿ ಕತ್ತರಿಸಿದಂತೆಯೇ ಕಾಣಬೇಕು, ಅದಕ್ಕೆ ಬ್ರಷ್ ಹೇಳಿ ಮಾಡಿಸಿದ್ದು. ನೀರಿನ ಮೂಲದ ಅಕ್ರಿಲಿಕ್ ಬಣ್ಣ ತೆಗೆದುಕೊಳ್ಳಿ, ಹಾಲಿನಷ್ಟು ತೆಳು ಮಾಡಿ, ಒಂದೇ ದಪ್ಪ ಕೋಟ್ ಬದಲು ಮೂರ್ನಾಲ್ಕು ತೆಳು ಕೋಟ್ ಕೊಡಿ. ಒಂದು ಕೋಟ್ ಪೂರ್ತಿ ಒಣಗದೆ ಇನ್ನೊಂದು ಬೇಡ. ಒಣಗುವುದನ್ನು ತಡಮಾಡುವ ರಿಟಾರ್ಡರ್ ಒಂದೆರಡು ಹನಿ ಸೇರಿಸಿದರೆ ಬ್ರಷ್ ಗೆರೆ ಕೂರುವುದಿಲ್ಲ. ಟಿಫಿನ್ ಡಬ್ಬಿಯಲ್ಲಿ ಒದ್ದೆ ಸ್ಪಂಜು ಹಾಸಿ, ಮೇಲೆ ಬಟರ್ ಪೇಪರ್ ಇಟ್ಟು ಅದರ ಮೇಲೆ ಬಣ್ಣ ಕಲಸಿದರೆ ನಮ್ಮ ಸೆಖೆಯಲ್ಲೂ ಬಣ್ಣ ಬಹಳ ಹೊತ್ತು ಹಸಿಯಾಗಿರುತ್ತದೆ.

ಸ್ಪ್ರೇಯೇ ಹೊಡೆಯುವುದಾದರೆ ಬೆಳಗ್ಗೆ ಗಾಳಿ ಏಳುವ ಮುನ್ನ ಹೊಡೆಯಿರಿ. ನೆಲಕ್ಕೆ ನೀರು ಚಿಮುಕಿಸಿ, ಫ್ಯಾನ್ ಆರಿಸಿ, ಮುಗಿದ ಕೂಡಲೇ ದೊಡ್ಡ ಡಬ್ಬಿಯೊಂದನ್ನು ಬೋರಲು ಹಾಕಿ ಮುಚ್ಚಿ. ಬಳ್ಳಾರಿಯಲ್ಲಿ ನಮಗೆ ಅದಿರಿನ ಕೆಂಪು ದೂಳು, ಜೊತೆಗೆ ಜೀನ್ಸ್ ಹೊಲಿಯುವ ಓಣಿಗಳಲ್ಲಿ ಹಾರುವ ದಾರದ ನಾರು. ಮುಚ್ಚದೆ ಬಿಟ್ಟ ಹಸಿ ವಾರ್ನಿಶ್ ಮೇಲೆ ಎರಡೂ ಕೂರುತ್ತವೆ. ಮಳೆ ಹಿಡಿದ ದಿನ ಮಾತ್ರ ಹೊಳಪಿಲ್ಲದ ಮ್ಯಾಟ್ ವಾರ್ನಿಶ್ ಸ್ಪ್ರೇ ಬೇಡ. ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಇಳಿಯುತ್ತದೆ, ಇಡೀ ವಿಮಾನ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ.

ಬಣ್ಣ ಒಣಗಿದ ಮೇಲೆ ಹೊಳಪಿನ ವಾರ್ನಿಶ್, ಅದರ ಮೇಲೆ ಡೆಕಾಲ್, ಕೊನೆಗೆ ಮ್ಯಾಟ್ ವಾರ್ನಿಶ್. ಡೆಕಾಲ್ ನೆನೆಸಲು ಬೋರ್‌ವೆಲ್ ನೀರು ಬಳಸಬೇಡಿ. ನಮ್ಮ ಕಡೆ ಗಡಸು ನೀರೇ ಹೆಚ್ಚು, ಒಣಗಿದರೆ ಡೆಕಾಲ್ ಸುತ್ತ ಉಪ್ಪಿನ ಬಿಳಿ ಗೆರೆ ಉಳಿಯುತ್ತದೆ. ಫಿಲ್ಟರ್ ನೀರು, ಇಲ್ಲವೇ ನಿಮ್ಮ ಕಾಲೇಜು ಪ್ರಯೋಗಾಲಯದ ಡಿಸ್ಟಿಲ್ಡ್ ವಾಟರ್ ಸಾಕು.

ಇನ್ನು ಮಗನ ಜೆಲ್ ಪೆನ್ನು, ಸೂಜಿ. ಇದಕ್ಕೆ ಅವನನ್ನೇ ಲೆಕ್ಕ ಮಾಡಲು ಹೇಳಿ. 1:72ರಲ್ಲಿ ಅರ್ಧ ಮಿಲಿಮೀಟರ್ ಗೆರೆ ಅಂದರೆ ನಿಜವಾದ ವಿಮಾನದಲ್ಲಿ 3.6 ಸೆಂಟಿಮೀಟರ್ ಅಗಲದ ಕಪ್ಪು ಬಿರುಕು. 0.3 ಮಿಲಿಮೀಟರ್ ರಂಧ್ರ ಕೊರೆದರೆ 2 ಸೆಂಟಿಮೀಟರ್ ದಾಟಿದ ರಿವೆಟ್. ಅಂಥ ವಿಮಾನ ನೆಲ ಬಿಟ್ಟು ಏಳುವುದಿಲ್ಲ. ನಿಜವಾದ ಸ್ಪಿಟ್‌ಫೈರ್‌ನ ರೆಕ್ಕೆಯಲ್ಲಿ ರಿವೆಟ್ ತಲೆಗಳನ್ನು ಹಾಳೆಯ ಮಟ್ಟಕ್ಕೇ ಇಳಿಸಿ ಕೂರಿಸುತ್ತಿದ್ದರು, ಗಾಳಿಗೆ ಅಡ್ಡಿಯಾಗಬಾರದು ಅಂತ. ಹಾಗಾಗಿ ರಿವೆಟ್ ಬಿಡಿ. ಗೆರೆಗಳಿಗೆ ಕಪ್ಪಿನ ಬದಲು, ಆಯಾ ಬಣ್ಣಕ್ಕಿಂತ ತುಸು ಗಾಢವಾದ ಕಂದು-ಬೂದಿಯನ್ನು ನೀರಾಗಿ ಮಾಡಿ ಹರಿಯಬಿಟ್ಟು, ಹೆಚ್ಚಾದದ್ದನ್ನು ಒರೆಸಿ. ಬಾಲದ ಚುಕ್ಕಾಣಿ, ಅದರ ಪಕ್ಕದ ಎಲಿವೇಟರ್‌ಗಳಿಗೆ (ಮೂಗನ್ನು ಏರಿಸಿ ಇಳಿಸುವ ಪಟ್ಟಿಗಳಿಗೆ) ಅದೂ ಬೇಡ. ಅವು ಲೋಹವಲ್ಲ, ಚೌಕಟ್ಟಿನ ಮೇಲೆ ಬಿಗಿದ ಬಟ್ಟೆ. ಬೆಳ್ಳಿ ಬಣ್ಣದಲ್ಲಿ ಸವಕಳಿ ತೋರಿಸುವಾಗಲೂ ಇದು ನೆನಪಿರಲಿ. ಪೈಲಟ್ ಕಾಲಿಟ್ಟು ಹತ್ತುವ ರೆಕ್ಕೆಯ ಬುಡದಲ್ಲಿ ಅಲ್ಯೂಮಿನಿಯಂ ಇಣುಕಬಹುದು, ಬಟ್ಟೆಯ ಮೇಲೆ ಇಣುಕಲಾರದು.

ಅವನ ಕೈಗೆ ಸೂಜಿಯ ಬದಲು ಬೇರೆ ಎರಡು ಕೆಲಸ ಕೊಡಿ. ರೆಕ್ಕೆಯ ಮುಂಚೂಣಿಯಲ್ಲಿ ಎಂಟು ಮಷಿನ್‌ಗನ್‌ಗಳ ಬಾಯಿಯಿವೆ. ದೂಳು, ತೇವ ಹೋಗದಂತೆ, ಎತ್ತರದಲ್ಲಿ ಹೆಪ್ಪುಗಟ್ಟದಂತೆ ಅವುಗಳ ಮೇಲೆ ಬಟ್ಟೆಯ ತುಂಡು ಅಂಟಿಸುತ್ತಿದ್ದರು, ಮೊದಲ ಗುಂಡಿಗೇ ಅದು ಹರಿದುಹೋಗುತ್ತಿತ್ತು. ಕೆಂಪು ಬಣ್ಣ ಬಳಿದ ತೆಳು ಟೇಪಿನ ಚಿಕ್ಕ ಚೌಕಗಳನ್ನು ಅಲ್ಲಿ ಕೂರಿಸಲಿ. ಎರಡನೆಯದು ಆಂಟೆನಾ ತಂತಿ, ಕಾಕ್‌ಪಿಟ್ ಹಿಂದಿನ ಕಂಬದಿಂದ ಚುಕ್ಕಾಣಿಯ ತಲೆಗೆ. 1940ರಲ್ಲಿ ಹೊಸ ವಿಎಚ್‌ಎಫ್ ರೇಡಿಯೋ ಬರುತ್ತಿದ್ದಂತೆ ಈ ತಂತಿ ಹೋಯಿತು, ಆದ್ದರಿಂದ ನಿಮ್ಮ ಡೆಕಾಲ್ ಹಾಳೆಯ ವಿಮಾನಕ್ಕೆ ಇತ್ತೇ ಎಂದು ಕಿಟ್‌ನ ಚಿತ್ರ ನೋಡಿಕೊಳ್ಳಿ. ಇದ್ದರೆ, ಎಳೆದರೆ ಹಿಗ್ಗುವ ಜೀನ್ಸ್ ಬಟ್ಟೆಯ ಚಿಂದಿ ಹುಡುಕಿ. ಅದರ ಅಡ್ಡ ಎಳೆಯೊಂದನ್ನು ಬಿಡಿಸಿದರೆ ಹತ್ತಿಯ ಒಳಗೆ ಕೂದಲಿಗಿಂತ ಸಣ್ಣ ರಬ್ಬರಿನಂಥ ಎಳೆ ಸಿಗುತ್ತದೆ. ಸ್ವಲ್ಪ ಎಳೆದು ಹಿಡಿದು ಎರಡು ತುದಿಗೂ ಸೂಪರ್ ಗ್ಲೂವಿನ ಚುಕ್ಕೆ ಕೊಟ್ಟರೆ ಬಿಗಿಯಾಗಿ ನಿಲ್ಲುತ್ತದೆ, ಕೈ ತಾಗಿದರೂ ಹರಿಯುವುದಿಲ್ಲ. ಹೊರಗಡೆ ಒಂದು ಚುಕ್ಕೆ ಹಾಕಿದರೆ ಗಾಜಿಗೇನೂ ಆಗದು.

ಮಾರ್ಕ್ 8 ಕಿಟ್ ತರುವಾಗ ಪೆಟ್ಟಿಗೆಯಲ್ಲಿ ಭಾರತೀಯ ವಾಯುಪಡೆಯ ಗುರುತುಗಳಿವೆಯೇ ಎಂದು ಮೊದಲು ಕೇಳಿ, ಇಲ್ಲದಿದ್ದರೆ ಎರಡು ನೀಲಿಯ ಚಕ್ರದ ಡೆಕಾಲ್ ಹಾಳೆಯನ್ನು ಬೇರೆ ತರಿಸಬೇಕಾಗುತ್ತದೆ. ಇಂಫಾಲ್ ಕದನದ ಕಥೆ ಮಗನಿಗೆ ಇಷ್ಟವಾದರೆ ಹರಿಕೇನ್ ಕೂಡ ಯೋಚಿಸಿ. 1944ರಲ್ಲಿ ಅರ್ಜನ್ ಸಿಂಗ್ ಅವರ ನಾಯಕತ್ವದಲ್ಲಿ ನಮ್ಮ 1ನೇ ಸ್ಕ್ವಾಡ್ರನ್ ಅಲ್ಲಿ ಹಾರಿಸಿದ್ದು ಅದನ್ನೇ. ಅದರ ಹಿಂಭಾಗದ ಮೈಯೆಲ್ಲ ಬಟ್ಟೆ, ಗೆರೆ ತುಂಬುವ ಕೆಲಸ ಇನ್ನೂ ಕಡಿಮೆ.